ಖಾಲಿ ಓಣಿಯ ಕಣಗಳು

ಮಾರ್ಚ್ ೪, ಸೋಮವಾರ

ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಸದ್ಯಕ್ಕೆ ಯಾರೂ ಇಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಹೆಂಡತಿ ಶುಕ್ರವಾರದಿಂದ ಮಾತು ಬಿಟ್ಟಿದ್ದಾಳೆ. ಅವಳು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಈಗ ಊಟಕ್ಕೆ ಕರೆಯುವುದಕ್ಕೂ ಅಡುಗೆಮನೆಯಿಂದ ವಿಷಲ್ ಊದುತ್ತಾಳೆ. ಒಂದು ಸಲ ಊದಿದರೆ ಊಟ, ಎರಡು ಸಲ ಊದಿದರೆ ನನಗೆ ಫೋನ್ ಬಂದಿದೆ ಎಂದರ್ಥ. ಐವತ್ತು ದಾಟಿದ ಮೇಲೆ ವಿಷಲ್ಲಿಗೆ ಓಡಿಬರುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು.

ಕಾರಣ ಅವಳ ತಂಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತೇವೆ. ನಮ್ಮ ಮಹಡಿ ಕೋಣೆಯಲ್ಲಿದ್ದಾಳೆ, ನಾನಿರುವ ಸಂಶೋಧನಾ ಕೇಂದ್ರದಲ್ಲೇ, ನಾನು ಮುಖ್ಯಸ್ಥನಾದ ತಂಡದಲ್ಲೇ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ನಾನು ಕೊಡಿಸಿದ ಕೆಲಸವಲ್ಲ, ಪರೀಕ್ಷೆ ಬರೆದು ಬಂದವಳು. ಆದರೆ ಜನರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾದಿನಿ ಎಂದು ಇವನು ಮೆತ್ತಗಾದ ಎಂದು ಯಾರೂ ಆಡಿಕೊಳ್ಳಬಾರದೆಂದು ಮೊದಲ ದಿನದಿಂದಲೂ ನಾನು ಅವಳ ವಿಷಯದಲ್ಲಿ ಉಳಿದವರಿಗಿಂತ ಒಂದು ಕೈ ಹೆಚ್ಚೇ ಕಟ್ಟುನಿಟ್ಟು. ಆಫೀಸಿನಲ್ಲಿ ನಾನು ಅವಳಿಗೆ ‘ಸರ್’, ಮನೆಯಲ್ಲಿ ‘ಭಾವ’.

ಶುಕ್ರವಾರ ಕೇಂದ್ರದ ಹಾಲಿನಲ್ಲಿ ಅವಳ ಉಪನ್ಯಾಸವಿತ್ತು. ನಮ್ಮ ನೌಕೆಯೊಂದು ದೂರದ ಗ್ರಹವನ್ನು ಸುತ್ತುತ್ತಿದೆ. ಆ ಗ್ರಹವೇ ಒಂದು ದೊಡ್ಡ ಅಯಸ್ಕಾಂತ. ವಿದ್ಯುತ್ ಹೊತ್ತ ಕಣಗಳು ಅದರ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು ಮೂರು ಕುಣಿತ ಕುಣಿಯುತ್ತವೆ. ಕಾಂತರೇಖೆಯ ಸುತ್ತ ಗಿರಗಿರ ತಿರುಗುತ್ತವೆ, ಅದೇ ರೇಖೆ ಹಿಡಿದು ಒಂದು ಧ್ರುವದ ಕಡೆಯಿಂದ ಇನ್ನೊಂದು ಧ್ರುವದ ಕಡೆಗೆ ಪುಟಿಯುತ್ತವೆ, ಪುಟಿಯುತ್ತಲೇ ನಿಧಾನಕ್ಕೆ ಗ್ರಹಕ್ಕೆ ಪ್ರದಕ್ಷಿಣೆ ಹಾಕುತ್ತವೆ. ಕ್ಷೇತ್ರ ಶಾಂತವಾಗಿದ್ದರೆ ಯಾವ ಕಣವೂ ತನ್ನ ದಾರಿ ಬಿಟ್ಟು ಕದಲುವುದಿಲ್ಲ. ಹೀಗೆ ಲೆಕ್ಕ ಹಾಕಿ, ಎರಡು ಕಣಪಟ್ಟಿಗಳ ನಡುವೆ ಖಾಲಿ ಓಣಿಯೊಂದಿದೆ ಎಂದು ತೋರಿಸಿದವನು ನಾನು. ನನಗೆ ನಾಲ್ಕು ಜನರ ಮಧ್ಯೆ ಹೆಸರು ಬಂದದ್ದು ಆ ಓಣಿಯಿಂದ.

ಗುಬ್ಬಿ ಹೇಳಿದ್ದಿಷ್ಟು: ಕ್ಷೇತ್ರ ಶಾಂತವಾಗಿಲ್ಲ, ಸದಾ ಅದುರುತ್ತಿರುತ್ತದೆ, ಆ ಪ್ರಕ್ಷುಬ್ಧತೆಗೆ ಸಿಕ್ಕಿ ಕಣಗಳು ದಾರಿ ತಪ್ಪುತ್ತವೆ, ಅಲೆಯುತ್ತಾ ಬಂದು ಓಣಿಯನ್ನು ತುಂಬುತ್ತವೆ. ಅಂದರೆ ಓಣಿ ಖಾಲಿ ಇಲ್ಲ.

ನಾನು ಎದ್ದು ನಿಂತೆ. “ಅಲ್ಲಿ ಕಣಗಳು ಅಲೀತಿಲ್ಲಮ್ಮ, ಇಲ್ಲಿ ನಿಮ್ಮ ಲೆಕ್ಕ ಅಲೀತಿದೆ. ಅದಕ್ಕೆ ಮೊದ್ಲು ಒಂದು ಹಗ್ಗ ಹಾಕಿ ಕಟ್ಟಿ, ಆಮೇಲೆ ಗ್ರಹದ ವಿಚಾರ ನೋಡೋಣ” ಎಂದೆ. ಹಾಲೇ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಈ ಮಾತನ್ನು ಮನೆಗೆ ಬಂದು ಹೆಂಡತಿಗೆ ಹೇಳಿದವನೂ ನಾನೇ, ನಗುತ್ತಾಳೆ ಎಂದುಕೊಂಡು. ಅವಳು, “ಅವಳ ಕೆಲಸ ಖಾಯಂ ಮಾಡೋ ಮೀಟಿಂಗು ಇದೇ ತಿಂಗಳಲ್ವಾ?” ಎಂದಳು. ಹೌದು ಎಂದೆ. ಅಲ್ಲಿಂದ ವಿಷಲ್ ಶುರುವಾಯಿತು.

ವಿಜ್ಞಾನದಲ್ಲಿ ನೆಂಟಸ್ತನ ನಡೆಯುವುದಿಲ್ಲ. ಮೊಸರಲ್ಲಿ ಕಲ್ಲು ಹುಡುಕುವವನು ಎಂದು ನನ್ನನ್ನು ಹಿಂದಿನಿಂದ ಆಡಿಕೊಳ್ಳುತ್ತಾರೆ, ಗೊತ್ತು. ಕಲ್ಲಿದ್ದರೆ ತಾನೇ ಸಿಗುವುದು?

ಮಾರ್ಚ್ ೭, ಗುರುವಾರ

ರಾತ್ರಿ ಊಟಕ್ಕೆ ಗುಬ್ಬಿ ಕೆಳಗೆ ಬಂದಳು. “ಸರ್, ಆ ನೀರಿನ ಜಗ್ಗು ಸ್ವಲ್ಪ ಈ ಕಡೆ” ಎಂದಳು.

ಮನೆಯಲ್ಲಿ, ಚಪ್ಪಲಿ ಬಿಟ್ಟು ಕಾಲು ಮಡಚಿ ಕುರ್ಚಿಯ ಮೇಲೆ ಕೂತು, ಸರ್!

ಹೆಂಡತಿ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಜಗ್ಗು ಸರಿಸಿದೆ. ಕೋಪವಿದ್ದರೆ ಇರಲಿ, ನಾಲ್ಕು ದಿನದ್ದು. ಅವಳ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ನಾನೇ ಹುಡುಕಿ, ಬೆಣ್ಣೆಯಿಂದ ಕೂದಲು ತೆಗೆದಂತೆ ನವಿರಾಗಿ ತೋರಿಸಿಕೊಟ್ಟರೆ ಸರಿಹೋಗುತ್ತಾಳೆ. ಮುಂದಿನ ವಾರ ಅದೊಂದು ಕೆಲಸ.

ಮಾರ್ಚ್ ೧೧, ಸೋಮವಾರ

ಅವಳ ತಪ್ಪು ಹುಡುಕಲು ಬೆಳಿಗ್ಗೆ ಬೇಗ ಹೋದೆ. ನೌಕೆಯ ಕಾಂತಮಾಪಕ ಸೆಕೆಂಡಿಗೆ ಹಲವು ಸಲ ಕ್ಷೇತ್ರವನ್ನು ಅಳೆದು ಕಳಿಸುತ್ತದೆ. ಅವಳು ತೆಗೆದುಕೊಂಡ ಅಳತೆಗಳನ್ನೇ ತೆಗೆದುಕೊಂಡೆ. ನನ್ನ ಕಂಪ್ಯೂಟರ್ ಪ್ರೋಗ್ರಾಮಿನ ಒಳಗೆ ಹಾಕಿದೆ, ಅವಳ ಕಣಗಳು ಹಾದಿಗೆ ಬರುವುದನ್ನು ನೋಡೋಣ ಎಂದು. ಬಂದವು. ಎಲ್ಲ ಕಣಗಳೂ ತಂತಮ್ಮ ದಾರಿಯಲ್ಲಿ ಶಿಸ್ತಾಗಿ ಹೋದವು. ಓಣಿ ಖಾಲಿ. ಅವಳ ಪ್ರೋಗ್ರಾಮಿಗೆ ಅದನ್ನೇ ಹಾಕಿದೆ. ಅಲೆದವು, ಓಣಿ ತುಂಬಿತು.

ಅಳತೆ ಒಂದೇ, ನಿಯಮಗಳೂ ಒಂದೇ. ಹಾಗಿದ್ದರೆ ಇಬ್ಬರಲ್ಲೊಬ್ಬರು ದಾರಿಯಲ್ಲಿ ಏನೋ ಮಾಡುತ್ತಿದ್ದೇವೆ. ಅವಳ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ಕಲ್ಲು ಸಿಗಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಮತ್ತೆ ಓದಿದೆ. ಕೊನೆಗೆ, ಬೇರೇನೂ ಉಳಿಯಲಿಲ್ಲವಲ್ಲ ಎಂದು, ನನ್ನದನ್ನೇ ತೆಗೆದೆ. ವರ್ಷಗಳಿಂದ ಅದನ್ನು ಓಡಿಸುತ್ತಿದ್ದೇನೆ, ಓದಿರಲಿಲ್ಲ.

ಮೊದಲ ಪುಟದಲ್ಲೇ ಇತ್ತು. ಅಳತೆಗಳು ಒಳಗೆ ಬಂದ ತಕ್ಷಣ ಒಂದು ನಿಮಿಷದ ಸರಾಸರಿ ತೆಗೆಯುವ ಸಾಲು. ನಾನೇ ಬರೆದದ್ದು. ಪಕ್ಕದಲ್ಲಿ ನಾನೇ ಒಂದು ಮಾತನ್ನೂ ಬರೆದಿದ್ದೇನೆ: ‘ಗದ್ದಲ ತೆಗೆಯಲು’. ಅಳತೆಯ ಗೆರೆ ಬಾಚಣಿಗೆಯ ಹಲ್ಲಿನಂತೆ ಅದುರಿಕೊಂಡು ಬರುತ್ತಿತ್ತು, ಉಪಕರಣದ ಗದ್ದಲ ಎಂದುಕೊಂಡು ಸರಾಸರಿ ಹಾಕಿ ನುಣ್ಣಗೆ ಮಾಡಿದ್ದೆ. ಚಿತ್ರದಲ್ಲಿ ನೋಡಲು ಚೆನ್ನಾಗಿತ್ತು.

ಈ ಕಣ ಕಾಂತರೇಖೆಯ ಸುತ್ತ ಒಂದು ಸಲ ತಿರುಗಲು ಎರಡು ಸೆಕೆಂಡು ಚಿಲ್ಲರೆ ಸಾಕು. ತುಂಬಿದ ಬಕೆಟ್ ಹಿಡಿದು ನಡೆಯುವಾಗ ನಮ್ಮ ಹೆಜ್ಜೆಯೂ ನೀರಿನ ತೂಗಾಟವೂ ಒಂದೇ ತಾಳಕ್ಕೆ ಬಿದ್ದರೆ ನೀರು ತುಳುಕುತ್ತದೆ. ಕ್ಷೇತ್ರದ ಅದುರಾಟದಲ್ಲಿ ಕಣದ ತಿರುಗಾಟದ ಜೊತೆ ತಾಳ ಕೂಡುವ ಅದುರುವಿಕೆಯೇ ಅದನ್ನು ದಾರಿಯಿಂದ ತಳ್ಳುವುದು. ಅದನ್ನೇ ನಾನು ಬಾಗಿಲಲ್ಲೇ ಗುಡಿಸಿ ಆಚೆ ಹಾಕಿದ್ದೆ. ಗುಡಿಸಿದ ಮೇಲೆ, ಅಲೆಯುತ್ತಿರುವುದು ನಿಮ್ಮ ಲೆಕ್ಕ ಎಂದು ನಾಲ್ಕು ಜನರ ಮುಂದೆ ಅವಳನ್ನೇ ಆಡಿಕೊಂಡಿದ್ದೆ.

ಆ ಸಾಲನ್ನು ತೆಗೆದು ಓಡಿಸಿದೆ. ನನ್ನ ಓಣಿ ನನ್ನ ಕಣ್ಣೆದುರೇ ತುಂಬಿತು.

ಬಾಗಿಲು ಯಾರೋ ತಟ್ಟಿದರು. ಪರದೆ ಆರಿಸಿಬಿಟ್ಟೆ. ಯಾರೂ ಅಲ್ಲ, ಟೀ ತಂದವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳ ಎಂದೂ ಇರಲಿಲ್ಲ.

ಮಾರ್ಚ್ ೧೨, ಮಂಗಳವಾರ

ಮತ್ತೆ ಓಡಿಸಿ ನೋಡಿದೆ. ಹಾಗೇ ಇದೆ.

ಮಾರ್ಚ್ ೧೩, ಬುಧವಾರ

ಕ್ಯಾಂಟೀನಿನಲ್ಲಿ ಸ್ಕ್ರೂ ಸಿಕ್ಕ. ಕಣಗಳನ್ನು ಎಣಿಸುವ ಉಪಕರಣ ಕಟ್ಟಿದ ಎಂಜಿನಿಯರ್ ಅವನು, ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್ ಇರುವುದರಿಂದ ಆ ಹೆಸರು. ನೌಕೆ ಓಣಿಯಲ್ಲಿ ಹಾದಾಗಲೆಲ್ಲ ಅವನ ಉಪಕರಣ ಒಂದಿಷ್ಟು ಕಣಗಳನ್ನು ಎಣಿಸುತ್ತದೆ. ಖಾಲಿ ಓಣಿಯಲ್ಲಿ ಕಣ ಎಲ್ಲಿಂದ ಬರಬೇಕು, ನಿನ್ನ ಡಬ್ಬಿಯಲ್ಲೇ ಏನೋ ಕೊಳೆ ಕೂತಿದೆ, ನೋಡು ಎಂದು ಹೋದ ವರ್ಷವೇ ಹೇಳಿದ್ದೆ.

“ನೌಕೇಲಿರೋದ್ರ ಜೋಡಿ ಉಪಕರಣ ಇಲ್ಲಿಟ್ಕೊಂಡಿದೀವಲ್ಲ, ಅದನ್ನ ಮೂರನೇ ಸಲ ಬಿಚ್ಚಿದೀನಿ ಮಾರಾಯ” ಎಂದ. “ಏನೂ ಸಿಗ್ತಿಲ್ಲ. ನೀನು ಇದೆ ಅಂತೀಯ, ಇರ್ಲೇಬೇಕು. ನನ್ ಕಣ್ಣಿಗೇ ಕಾಣ್ತಿಲ್ಲ ಅಷ್ಟೆ.”

ಸಕ್ಕರೆ ಹಾಕಿದ್ದ ಟೀಗೆ ಮತ್ತೆ ಸಕ್ಕರೆ ಹಾಕಿ ಕಲಕುತ್ತಾ ಕೂತೆ. ನಿನ್ನ ಡಬ್ಬಿ ಸರಿಯಾಗಿದೆ ಕಣೋ ಎನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ. ಅವನು ನನ್ನ ಟೀಗೂ ಸೇರಿಸಿ ಟೋಕನ್ ಕೊಟ್ಟು ಹೋದ. ಹೇಸಿಗೆಯಾಯಿತು, ನನ್ನ ಮೇಲೆ.

ಮಾರ್ಚ್ ೧೫, ಶುಕ್ರವಾರ

ಮೀಟಿಂಗು ಬರುವ ಬುಧವಾರ. ನಿರ್ದೇಶಕರು ಕರೆದು, “ನಿಮ್ಮ ನಾದಿನಿ ವಿಷಯ. ನಿಮ್ಮ ಅಭಿಪ್ರಾಯವೇ ಕೊನೇದು. ಖಾಯಂ ಮಾಡೋದಾ ಬಿಡೋದಾ?” ಎಂದರು.

ಖಾಯಂ ಮಾಡಿ ಎಂದರೆ ‘ಮತ್ತೆ ಹಾಲಿನಲ್ಲಿ ಯಾಕೆ ಹಾಗಂದಿರಿ?’ ಎಂದು ಕೇಳುತ್ತಾರೆ. ಬೇಡ ಎನ್ನಲು ಈಗ ಬಾಯಿ ಬರುವುದಿಲ್ಲ. ಅತ್ತ ದರಿ ಇತ್ತ ಪುಲಿ. ನೆನ್ನೆಯಿಂದ ಯೋಚಿಸಿ ಒಂದು ಉಪಾಯ ಹೊಳೆದಿತ್ತು, ಅದನ್ನೇ ಒಪ್ಪಿಸಿದೆ.

“ನೆಂಟಳು ಸರ್. ನಾನು ಏನೂ ಹೇಳದೇ ಇರೋದು ಒಳ್ಳೇದು. ನನ್ನನ್ನ ಬಿಟ್ಟು ನೀವೇ ತೀರ್ಮಾನ ಮಾಡಿ.”

ಅವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. “ಇಷ್ಟು ನಿಷ್ಠುರವಾಗಿರೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ!” ಎಂದರು. ಹೊರಗಿನ ಕೋಣೆಯ ಟೈಪಿಸ್ಟಿಗೂ ಕೇಳುವಂತೆ ಹೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡರು.

ಮಾರ್ಚ್ ೧೬, ಶನಿವಾರ

ವಿಷಲ್ ನಿಂತಿದೆ. ಕೇಂದ್ರದಲ್ಲಿ ಸುದ್ದಿ ಹಬ್ಬಿ, ಗುಬ್ಬಿಯ ಕಿವಿಗೂ ಬಿದ್ದು, ಅವಳು ಅಕ್ಕನಿಗೆ ಹೇಳಿದ್ದಾಳೆ. ಹೆಂಡತಿ ನನ್ನ ತಟ್ಟೆಗೆ ತಾನೇ ಬಡಿಸಿದಳು. “ದೂರ ನಿಂತ್ರಂತೆ. ಒಳ್ಳೇದಾಯ್ತು ರೀ. ನಾನೂ ಸ್ವಲ್ಪ ಜಾಸ್ತಿ ಮಾಡ್ಬಿಟ್ಟೆ ನಿಮಗೆ” ಎಂದಳು.

ಹದಿನೈದು ದಿನದ ಮೇಲೆ ಬಂದ ಪ್ರೀತಿ. ಬೇಡ ಎನ್ನಬೇಕಿತ್ತು. ಎರಡು ಸಲ ಬಡಿಸಿಕೊಂಡು ತಿಂದೆ. ಗುಬ್ಬಿ ತಲೆ ಬಗ್ಗಿಸಿಕೊಂಡು ಊಟ ಮುಗಿಸಿ, ತನ್ನ ತಟ್ಟೆ ತೊಳೆದಿಟ್ಟು ಮೇಲೆ ಹೋದಳು. ಅವಳ ಹೆಜ್ಜೆ ಸದ್ದು ನಮ್ಮ ಕೋಣೆಯ ಮೇಲೇ. ಭಾನುವಾರ ಪೂರ್ತಿ ಅದನ್ನು ಕೇಳಿಸಿಕೊಳ್ಳಬೇಕು.

ಮಾರ್ಚ್ ೧೮, ಸೋಮವಾರ

ಲಿಫ್ಟಿನಲ್ಲಿ ನಿರ್ದೇಶಕರು ಜೊತೆಯಾದರು. ನಾವಿಬ್ಬರೇ ಇದ್ದೆವು. “ನೀವು ಬಾಯಿ ಬಿಡದೇ ಇದ್ರೂ ನಮಗೆ ಅರ್ಥ ಆಯ್ತು ಬಿಡಿ” ಎಂದರು. “ಅವಳು ಚೆನ್ನಾಗಿ ಮಾಡಿದ್ದಿದ್ರೆ ನೀವೇ ಹಾಗಂತಿದ್ರಿ. ಹಾಲಲ್ಲಿ ಹೇಳಿದ್ದು ನೆನಪಿದೆ ನಮಗೆಲ್ಲ. ಬುಧವಾರ ಮುಗಿಸಿಬಿಡ್ತೀವಿ. ಮನೇಲಿ ನಿಮಗೆ ಕಷ್ಟ ಆಗದ ಹಾಗೆ ನಾನೇ ಅವಳಿಗೆ ಹೇಳ್ತೀನಿ.”

ಲಿಫ್ಟು ನಿಂತಿತು, ಅವರು ಇಳಿದು ಹೋದರು. ನಾನು ಇಳಿಯುವ ಮಹಡಿಯೂ ಅದೇ. ಇಳಿಯದೆ ಕೆಳಗಿನವರೆಗೆ ಹೋಗಿ ವಾಪಸ್ಸು ಬಂದೆ.

ನನ್ನ ಮೌನವನ್ನೇ ಅವರು ಬೇಡ ಎಂದು ಬರೆದುಕೊಂಡಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಜ್ವರ ನನಗೆ, ಬರೆ ಅವಳಿಗೆ, ಕಾದ ಕಬ್ಬಿಣ ಹಿಡಿದವನೂ ನಾನೇ. ಈಗ ಹೋಗಿ ಅವಳನ್ನು ಉಳಿಸಿಕೊಳ್ಳಿ ಎಂದರೆ, ಕೊನೆಗೂ ನೆಂಟಸ್ತನಕ್ಕೆ ಬಗ್ಗಿದ ಎನ್ನುತ್ತಾರೆ, ಅವಳಿಗೂ ಆ ಮಸಿ ಹತ್ತುತ್ತದೆ. ನನ್ನ ತಪ್ಪನ್ನು ಬಿಚ್ಚಿ ಮೇಜಿನ ಮೇಲೆ ಇಡದೆ ಬೇರೆ ದಾರಿಯೇ ಇಲ್ಲ. ಇದು ನನಗೆ ಒಂದು ವಾರದಿಂದ ಗೊತ್ತಿತ್ತು. ಗೊತ್ತಿಲ್ಲದವನಂತೆ ಉಪಾಯ ಹುಡುಕುತ್ತಿದ್ದೆ.

ಸಂಜೆ ಅಡುಗೆಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಸರಾಸರಿಯ ಸಾಲು, ಸ್ಕ್ರೂನ ಡಬ್ಬಿ, ಲಿಫ್ಟಿನ ಮಾತು. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಇದನ್ನ ನನಗ್ಯಾಕೆ ಹೇಳ್ತಿದೀರಿ?” ಎಂದಳು. “ನಾನೇನು ಮೀಟಿಂಗಲ್ಲಿರ್ತೀನಾ?”

“ಸಮಾಧಾನಕ್ಕೆ…”

“ಯಾರ ಸಮಾಧಾನಕ್ಕೆ?”

ಹೊರಗೆ ಬಂದು ಕೂತೆ. ಮಹಡಿ ಹತ್ತಿ ಗುಬ್ಬಿಗೇ ಹೇಳಬಹುದಿತ್ತು. ಹದಿನಾರು ಮೆಟ್ಟಿಲೂ ಇಲ್ಲ. ಹತ್ತಲಿಲ್ಲ.

ಮಾರ್ಚ್ ೨೦, ಬುಧವಾರ

ಮೀಟಿಂಗಿಗೆ ಕರೆಯದಿದ್ದರೂ ಹೋದೆ. ಮೇಜಿನ ಸುತ್ತ ಆರು ಜನ. ಎರಡು ಚಿತ್ರ ಮುಂದಿಟ್ಟೆ: ಕಾಂತಮಾಪಕದಿಂದ ಬಂದ ಅದುರುವ ಗೆರೆ, ಮತ್ತು ನಾನು ನುಣ್ಣಗೆ ಮಾಡಿದ ಗೆರೆ. ತಪ್ಪು ನನ್ನದು, ಅವಳ ಲೆಕ್ಕ ಸರಿ, ಓಣಿ ಖಾಲಿ ಇಲ್ಲ ಎಂದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು, ಆದರೂ ಹೇಳಿ ಮುಗಿಸಿದೆ.

ಯಾರೂ ನಂಬಲಿಲ್ಲ!

ಒಬ್ಬರು ಕೆಮ್ಮಿದರು. ನಿರ್ದೇಶಕರು ನನ್ನ ಭುಜದ ಮೇಲೆ ಕೈಯಿಟ್ಟು, “ನಿಮ್ಮ ಮನಸ್ಸು ದೊಡ್ಡದು. ಮನೇಲಿ ಒತ್ತಡ ಇರುತ್ತೆ, ನಮಗೂ ಸಂಸಾರ ಇದೆ. ಆದ್ರೆ ನಾದಿನೀನ ಉಳಿಸೋಕೆ ಇಷ್ಟು ವರ್ಷದ ಹೆಸರನ್ನ ಬಲಿ ಕೊಡಬೇಡಿ” ಎಂದರು. ಪಕ್ಕದವರು, “ಎಂಥ ತ್ಯಾಗ ನೋಡಿ” ಎಂದು ಪಿಸುಗುಟ್ಟಿದರು. ನಾನು ಜೋರಾಗಿ ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ಮೇಲೇರುತ್ತಾ ಹೋದೆ. ತಪ್ಪು ಮಾಡಿದೆ ಎಂದು ಬೇಡಿಕೊಂಡರೂ ಹಾರ ಹಾಕಲು ಬರುತ್ತಾರಲ್ಲ, ಅಂಥ ಶಿಕ್ಷೆ ಯಾರಿಗೂ ಬೇಡ.

“ಅವಳನ್ನೇ ಕರೆಸಿ” ಎಂದೆ.

ಗುಬ್ಬಿ ಬಂದಳು. ಕೆಲಸ ಹೋಯಿತು ಎಂದು ಹೇಳಲು ಕರೆದಿದ್ದಾರೆ ಎಂದುಕೊಂಡಿದ್ದಳೋ ಏನೋ, ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು. ಎರಡು ಚಿತ್ರವನ್ನೂ ಅವಳ ಮುಂದೆ ತಳ್ಳಿದೆ. ನೋಡಿದಳು. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಿರ್ದೇಶಕರು ಕೇಳಿದರು: “ಇವರು ನಿಮಗೋಸ್ಕರ ತಪ್ಪು ಒಪ್ಕೋತಿದಾರೆ ಅಲ್ವೇನಮ್ಮ?”

“ಇಲ್ಲ ಸರ್” ಎಂದಳು. “ತಪ್ಪೇ ಮಾಡಿದಾರೆ.”

ಆಮೇಲೆ ಬ್ಯಾಗು ಕೆಳಗಿಟ್ಟು ಬೋರ್ಡಿನ ಹತ್ತಿರ ಹೋಗಿ ನನ್ನ ಕಡೆ ತಿರುಗಿದಳು.

“ಎಷ್ಟು ಹೊತ್ತಿನ ಸರಾಸರಿ ತಗೊಂಡ್ರಿ ಸರ್?”

“ಒಂದು ನಿಮಿಷ.”

“ಈ ಕಣ ಒಂದು ಸುತ್ತು ತಿರುಗೋಕೆ?”

“ಎರಡು ಸೆಕೆಂಡು ಚಿಲ್ಲರೆ.”

“ಅಂದ್ರೆ ಆ ಒಂದು ನಿಮಿಷದಲ್ಲಿ ಇಪ್ಪತ್ತೈದು ಮೂವತ್ತು ಸಲ ತಿರುಗಿರುತ್ತೆ. ಅದು ತಿರುಗೋವಾಗ ಕ್ಷೇತ್ರ ಏನ್ ಮಾಡ್ತಿತ್ತು ಅಂತ ನೋಡಿದ್ರಾ?”

“ಇಲ್ಲ.”

“ಓಣಿಯಲ್ಲಿ ಉಪಕರಣ ಎಣಿಸಿದ ಕಣಗಳನ್ನ?”

“ಕೊಳೆ ಅಂದೆ.”

ಅವಳು ಬೋರ್ಡಿನ ಮೇಲೆ ಒಂದು ಕಣದ ದಾರಿ ಬರೆದಳು, ಪ್ರತಿ ಸುತ್ತಿಗೂ ಒಂದು ಸಣ್ಣ ತಳ್ಳು, ಸುತ್ತು ಸುತ್ತಿಗೂ ದಾರಿ ವಾಲುವುದು, ಕೊನೆಗೆ ಓಣಿಯೊಳಗೆ ಜಾರುವುದು. ಯಾವ ಅಲಂಕಾರವೂ ಇಲ್ಲ, ಮರುಕವೂ ಇಲ್ಲ. ನಾನು ಅಷ್ಟು ಚೆನ್ನಾಗಿ ಯಾವತ್ತೂ ಪಾಠ ಮಾಡಿಲ್ಲ. ಒಂದು ಕಡೆ ನನಗೆ ಗೊತ್ತಾಗಲಿಲ್ಲ, ಎಲ್ಲರ ಎದುರಿಗೆ ಇನ್ನೊಂದು ಸಲ ಹೇಳಿ ಎಂದೆ. ಹೇಳಿದಳು.

ಮೇಜಿನ ಸುತ್ತ ಒಬ್ಬೊಬ್ಬರ ಮುಖದಿಂದಲೂ ಆ ಮೆಚ್ಚುಗೆ ಇಳಿದುಹೋಯಿತು. ನಿರ್ದೇಶಕರು ನನ್ನ ಕಡೆ ನೋಡುವುದನ್ನು ನಿಲ್ಲಿಸಿದರು.

ಮಾರ್ಕರಿಗೆ ಮುಚ್ಚಳ ಹಾಕುತ್ತಾ ಅವಳು ಕೊನೆಯದೊಂದು ಕೇಳಿದಳು. “ನಿಮಗೆ ಯಾವಾಗ ಗೊತ್ತಾಯ್ತು ಸರ್?”

“ಹೋದ ವಾರ. ಸೋಮವಾರ.”

ಮುಚ್ಚಳ ಸರಿಯಾಗಿ ಕೂರಲಿಲ್ಲ. ಅವಳು ಮತ್ತೆ ಒತ್ತಿದಳು.

ಅವಳನ್ನು ಖಾಯಂ ಮಾಡಿದರು. ಓಣಿಯ ಲೆಕ್ಕ ಇನ್ನು ಅವಳ ಕೈಯಲ್ಲಿ, ತಂಡದ ಮುಖ್ಯಸ್ಥನ ಕೆಲಸದಿಂದ ನನ್ನನ್ನು ಬಿಡಿಸಿದರು. ಸರಿಯಾಗಿಯೇ ಮಾಡಿದರು.

ಮಾರ್ಚ್ ೨೧, ಗುರುವಾರ

ಬೆಳಿಗ್ಗೆ ಮೊದಲು ಸ್ಕ್ರೂನ ಕೆಲಸದ ಮೇಜಿಗೆ ಹೋದೆ. ಉಪಕರಣ ಬಿಚ್ಚಿ ಹರಡಿತ್ತು. ಹೇಳಿದೆ. ಅವನು ಬೈಯುತ್ತಾನೆ ಎಂದು ಕಾದೆ. ಅವನು, “ಹಾಗಾದ್ರೆ ಇದು ಚೆನ್ನಾಗಿತ್ತಾ?” ಎಂದು ಆ ಬಿಡಿಭಾಗಗಳನ್ನು ನೋಡುತ್ತಾ ಕೂತ. ಪಕ್ಕದಲ್ಲಿ ಕೂತು ಅವನು ಕೇಳಿದ ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿಕೊಟ್ಟೆ. ಮತ್ತೆ ಜೋಡಿಸುವಷ್ಟರಲ್ಲಿ ಸಂಜೆಯಾಯಿತು.

ಮಾರ್ಚ್ ೩೦, ಶನಿವಾರ

ಗುಬ್ಬಿ ಮನೆ ಬದಲಾಯಿಸಿದಳು. ಕೇಂದ್ರದ ಹತ್ತಿರವೇ ಒಂದು ಕೋಣೆ ನೋಡಿಕೊಂಡಿದ್ದಾಳೆ. “ಓಡಾಟ ಕಡಿಮೆ ಆಗುತ್ತೆ ಅಕ್ಕ” ಎಂದಳಂತೆ. ಇಲ್ಲಿಂದ ಕೇಂದ್ರಕ್ಕೆ ನಡೆದೇ ಹೋಗಬಹುದು. ಅಕ್ಕ ವಾದ ಮಾಡಲಿಲ್ಲ, ಕೆಳಗೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾ ಮೂಗು ಒರೆಸಿಕೊಳ್ಳುತ್ತಿದ್ದಳು.

ನಾನು ಪುಸ್ತಕದ ಪೆಟ್ಟಿಗೆಗಳನ್ನು ಇಳಿಸಿದೆ. ಕೊನೆಯದನ್ನು ಹೊತ್ತು ಬರುವಾಗ ಅವಳು ಮೆಟ್ಟಿಲ ತಿರುವಿನಲ್ಲಿ ಎದುರಾದಳು. ಇಬ್ಬರಿಗೂ ದಾರಿಯಿಲ್ಲ. ಅಲ್ಲಿಯವರೆಗೂ ನಾನು ಅವಳಿಗೆ ನೇರವಾಗಿ ಕ್ಷಮಿಸು ಎಂದಿರಲಿಲ್ಲ. ಪೆಟ್ಟಿಗೆ ಹಿಡಿದುಕೊಂಡೇ ಅಂದೆ. ಲೆಕ್ಕ ತಪ್ಪಿದ್ದಕ್ಕೆ, ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ, ಎರಡಕ್ಕೂ.

“ಲೆಕ್ಕದ್ದು ಬಿಡಿ” ಎಂದಳು. “ಲೆಕ್ಕ ಎಲ್ಲರದ್ದೂ ತಪ್ಪುತ್ತೆ. ಸುಮ್ಮನಿದ್ದಿದ್ದಕ್ಕೂ ಬೇಜಾರಿದೆ, ಹೋಗುತ್ತೆ ಅದು.” ಪೆಟ್ಟಿಗೆಯ ಮೇಲಿನ ಧೂಳನ್ನು ಬೆರಳಿಂದ ಒರೆಸಿದಳು. “ಅವತ್ತು ಹಾಲಲ್ಲಿ ನೀವು ಆ ಮಾತು ಅಂದಾಗ ನಾನೂ ನಕ್ಕೆ. ಎಲ್ಲರೂ ನಗ್ತಿದ್ರು, ನಾನೊಬ್ಳೇ ಮುಖ ಗಂಟು ಹಾಕ್ಕೊಂಡು ನಿಂತ್ರೆ ಚೆನ್ನಾಗಿರಲ್ಲ ಅಂತ. ನನ್ನ ಲೆಕ್ಕ ಸರಿ ಇದೆ ಅಂತ ನಂಗೆ ಗೊತ್ತಿತ್ತು. ಎರಡು ವರ್ಷ ಮಾಡಿದ್ದು. ಗೊತ್ತಿದ್ದೂ ಅದರ ಮೇಲೆ ನಾನೇ ನಕ್ಕೆ. ಅದಕ್ಕೆ ಯಾರು ಕ್ಷಮೆ ಕೇಳ್ತಾರೆ?”

ಅವಳು ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಇಳಿದು ಹೋದಳು.

ಆಗಿನಿಂದ ಕೂತು ನೆನಪು ಮಾಡಿಕೊಳ್ಳುತ್ತಿದ್ದೇನೆ. ನಿರ್ದೇಶಕರು ಕಣ್ಣೊರೆಸಿಕೊಂಡದ್ದು ನೆನಪಿದೆ. ಹಿಂದಿನ ಸಾಲಿನಲ್ಲಿ ಯಾರೋ ಮೇಜು ತಟ್ಟಿದ್ದು ನೆನಪಿದೆ. ನಾನು ಕೂರುವ ಮೊದಲು ಯಾರು ಯಾರು ನನ್ನ ಕಡೆ ತಿರುಗಿ ನಕ್ಕರು ಎನ್ನುವುದೂ ನೆನಪಿದೆ. ಅವಳು ನಕ್ಕದ್ದು ನೆನಪಿಲ್ಲ. ಎಷ್ಟು ಹುಡುಕಿದರೂ ಅವಳ ಮುಖ ಬರುತ್ತಿಲ್ಲ. ನಾನು ಆಗ ಅವಳ ಕಡೆ ನೋಡಿಯೇ ಇರಲಿಲ್ಲ.